ಏಳು ದಿನದ ಸರ್ಕಾರ

2007ರ ಯಡಿಯೂರಪ್ಪ ಸರ್ಕಾರ ಏಳೇ ದಿನಕ್ಕೆ ಬಿದ್ದಿದ್ದು ಜೆಡಿಎಸ್ ಬೆಂಬಲ ಕೊಡುವ ಮಾತಿಗೆ ತಪ್ಪಿದ್ದರಿಂದ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಅದು ಸರಿ, ಆದರೆ ಅಷ್ಟೇ ಅಲ್ಲ. ಅಕ್ಟೋಬರ್‌ನಲ್ಲಿ ಒಪ್ಪಂದದಂತೆ ಮುಖ್ಯಮಂತ್ರಿ ಕುರ್ಚಿಯನ್ನು ಬಿಜೆಪಿಗೆ ಬಿಡದೆ ಒಮ್ಮೆ ಕೈ ಕೊಟ್ಟ ಜೆಡಿಎಸ್‌ನವರನ್ನು ನವೆಂಬರ್‌ನಲ್ಲಿ ಮತ್ತೆ ನಂಬಿ, 12ನೇ ತಾರೀಖು ಪ್ರಮಾಣವಚನ ತಗೊಂಡಿದ್ದು ಬಿಜೆಪಿಯೇ ಅಲ್ವಾ? ನಡುವೆ ರಾಷ್ಟ್ರಪತಿ ಆಳ್ವಿಕೆ ಬೇರೆ ಬಂದು ಹೋಗಿತ್ತು. ಖಾತೆ ಹಂಚಿಕೆ, ಷರತ್ತುಗಳ ತಕರಾರು ಬಗೆಹರಿಯದೇ ಆತುರ ಪಟ್ಟರು. 19ಕ್ಕೆ ರಾಜೀನಾಮೆ.

ಆದರೂ ಅದಕ್ಕೂ ಮುಂಚಿನ ಜೆಡಿಎಸ್-ಬಿಜೆಪಿ ಸರ್ಕಾರದ ಇಪ್ಪತ್ತು ತಿಂಗಳನ್ನು ಸುಮ್ನೆ ತಳ್ಳಿಹಾಕಬೇಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ, ಹಣಕಾಸು ಖಾತೆಯೂ ಅವರದ್ದೇ. ಬಡ ಕುಟುಂಬದ ಹೆಣ್ಣುಮಕ್ಕಳ ಹೆಸರಲ್ಲಿ ಹಣ ಇಡುವ ಭಾಗ್ಯಲಕ್ಷ್ಮಿ ಯೋಜನೆ, ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್, ಎರಡೂ ಆಗಲೇ ಶುರುವಾಗಿದ್ದು. ಸ್ಕೂಲ್ ಬಿಟ್ಟ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದುಕೊಂಡು ಊರಿಗೆ ಹೋಗೋದು ಹಳ್ಳಿ ರಸ್ತೆಗಳಲ್ಲಿ ಮಾಮೂಲಾಯಿತು. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ!

ಇನ್ನು ಮೋಸಹೋದ ಬಿಜೆಪಿಗೆ ಸಿಕ್ಕ ಅನುಕಂಪದ ಲೆಕ್ಕ. 2004ರಲ್ಲಿ 79 ಸೀಟು ಇದ್ದ ಬಿಜೆಪಿ 2008ರಲ್ಲಿ 110ಕ್ಕೆ ಏರಿತು. ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಆ ಏಳು ದಿನದಿಂದ ಜಾಸ್ತಿ ಲಾಭ ಆಗಿದ್ದು ಕುರ್ಚಿ ಕಳಕೊಂಡವರಿಗೇ.