ಕಂಟ್ರೋಲ್ ಹಿಡ್ಕಳಿ ಮಾವಾ

ಫೋನಿನಲ್ಲಿ ಮೊದಲು ಕುರ್ಚಿ ಸರಿದ ಸದ್ದು. ಆಮೇಲೆ ಆರೇಳು ಹೆಜ್ಜೆ. ಕಿಟಕಿಯ ಚಿಲಕ. ಪಿಚಕ್. ಮತ್ತೆ ಆರೇಳು ಹೆಜ್ಜೆ. ಕೊನೆಗೆ ಮಾತು: "ಎಲ್ಲಾ ಹೋತಲೋ ತಮಾ!"

ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಇದನ್ನು ಒಂಬತ್ತು ಸಲ ಕೇಳಿದ್ದೇನೆ. ಇವತ್ತು ಶುಕ್ರವಾರ. ಸಿಟ್ಟು ಇನ್ನೂ ಇಳಿದಿಲ್ಲ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು ನಾನು. ಊರಿನ ಲೆಕ್ಕದಲ್ಲಿ ಕಂಪ್ಯೂಟರ್ ಬಲ್ಲವನಿಗೆ ಪ್ರಿಂಟರ್ ರಿಪೇರಿ, ಮೊಬೈಲ್ ರೀಚಾರ್ಜ್, ಪಹಣಿ ತೆಗೆಯೋದು ಎಲ್ಲವೂ ಬರಬೇಕು. ಹಾಗಾಗಿ ಸೊಸೈಟಿಯ ಸಾಲದ ಅರ್ಜಿಗೊಂದು ಸಣ್ಣ ಪ್ರೋಗ್ರಾಂ ಮಾಡಿಕೊಡು ಎಂದು ಮಾವ ಕೇಳಿದಾಗ "ಎರಡು ದಿನದ ಕೆಲಸ" ಎಂದುಬಿಟ್ಟೆ. ಮಾವ ಅಲ್ಲಿ ಲೆಕ್ಕ ಬರೆಯುವವರು. ಆಗ ಮೇ ತಿಂಗಳು. ಈಗ ಆರಿದ್ರೆ ಮಳೆ ಹಿಡಿದಿದೆ.

ಅರ್ಜಿ ನೋಡಲು ಸಾಧು. ಒಬ್ಬ ಸದಸ್ಯ. ಅವನಿಗೆ ಎರಡೋ ಮೂರೋ ತೋಟ. ಒಂದೊಂದು ತೋಟದಲ್ಲೂ ಹಲವು ಬೆಳೆ. ನಮ್ಮ ಕಡೆ ಅಡಿಕೆ ತೋಟದಲ್ಲಿ ಅಡಿಕೆ ಒಂದೇ ಇರುವುದಿಲ್ಲ. ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ, ಮೂಲೆಯಲ್ಲೊಂದು ಜಾಯಿಕಾಯಿ. ಹೀಗೆ ಸದಸ್ಯನೊಳಗೆ ತೋಟ, ತೋಟದೊಳಗೆ ಬೆಳೆಗಳ ಪಟ್ಟಿ. ಪಟ್ಟಿಯಿಂದ ಬೇಕಾದಷ್ಟನ್ನು ಆರಿಸಬೇಕು. ಇದಕ್ಕೆ ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಮಲ್ಟಿಪಲ್ ಸೆಲೆಕ್ಟ್ ಎಂಬುದೊಂದಿದೆ. ಕಂಟ್ರೋಲ್ ಕೀ ಒತ್ತಿ ಹಿಡಿದು ಒಂದೊಂದೇ ಕ್ಲಿಕ್ ಮಾಡುತ್ತಾ ಹೋಗಬೇಕು. ಹಿಡಿದ ಬೆರಳು ಒಮ್ಮೆ ಜಾರಿತೋ, ಮುಂದಿನ ಕ್ಲಿಕ್ಕಿಗೆ ಅಲ್ಲಿವರೆಗೆ ಆರಿಸಿದ್ದೆಲ್ಲ ಮಾಯ. ಇಂಥದ್ದನ್ನು ಕಂಡುಹಿಡಿದವನು ಎಂದೂ ಕವಳ, ಅಂದರೆ ಎಲೆಅಡಿಕೆ, ಹಾಕಿದವನಲ್ಲ ಅನ್ನಿಸುತ್ತದೆ.

ಯಾಕೆಂದರೆ ಮಾವನ ಬಲಗೈಯಲ್ಲಿ ಮೌಸ್. ಎಡಗೈಯಲ್ಲಿ ಎಲೆ. ಆ ಎಲೆಗೆ ಸುಣ್ಣ ಹಚ್ಚಲು ಬಲಗೈಯೇ ಬರಬೇಕು. ಕಂಟ್ರೋಲ್ ಕೀಗೆ ಮೂರನೆಯ ಕೈ ಎಲ್ಲಿಂದ ತರೋದು? ಕವಳ ಬಾಯೊಳಗೆ ಹೋದ ಮೇಲೆ ಕೈ ಖಾಲಿಯಾಗುತ್ತದೆ, ಆದರೆ ಮಾತು ನಿಲ್ಲುತ್ತದೆ. ನಾನು ಇಲ್ಲಿಂದ "ಕಂಟ್ರೋಲ್ ಹಿಡ್ಕಳಿ ಮಾವಾ" ಎನ್ನುತ್ತೇನೆ. ಅವರು "ಉಂ" ಎನ್ನುತ್ತಾರೆ. "ಅಡಿಕೆ ಒತ್ತಿ." "ಉಂ." "ಮೆಣಸು." "ಉಂ." "ಬಾಳೆ." "ಉಂಊಂ!" ಈ ಕೊನೆಯ ಉಂಊಂ ಸ್ವಲ್ಪ ಎಳೆದು, ಮೇಲಕ್ಕೆ ಹೋಗಿ, ಅಲ್ಲೇ ನಿಂತರೆ ನನಗೆ ಗೊತ್ತಾಗುತ್ತದೆ. ಇನ್ನು ಕುರ್ಚಿ ಸರಿಯುತ್ತದೆ. ಹೆಜ್ಜೆ. ಚಿಲಕ. ಪಿಚಕ್.

"ಆನು ಎಂತೂ ಮಾಡಿದ್ನಿಲ್ಲೆ ಮಾರಾಯಾ, ಒಂದು ಒತ್ತಿದಿ ಅಷ್ಟೇ."

ಐದನೇ ಸಲಕ್ಕೆ, ಕಿಟಕಿಯ ಚಿಲಕ ತೆಗೆದೇ ಇಡಿ ಎಂದೆ. ಮಳೆ ಇರಚಲು ರಿಜಿಸ್ಟರಿಗೆ ಹೊಡೆಯುತ್ತದಂತೆ. ಏಳನೇ ಸಲಕ್ಕೆ, ಅರ್ಧ ಗಂಟೆ ಕವಳ ಬಿಟ್ಟರೆ ಆಗುವುದಿಲ್ಲವೇ ಎಂದು ಕೇಳಿದೆ. ಆ ಕಡೆ ಇಷ್ಟು ಹೊತ್ತು ಮೌನವಾಯಿತು ಎಂದರೆ ಲೈನ್ ಹೋಯಿತೆಂದೇ ತಿಳಿದೆ. 2019ರಲ್ಲಿ ನಮ್ಮ ಅಡಿಕೆಗೆ 'ಸಿರ್ಸಿ ಸುಪಾರಿ' ಎಂದು ಜಿಐ (ಭೌಗೋಳಿಕ ಗುರುತು) ಮುದ್ರೆ ಸಿಕ್ಕಿತಲ್ಲ, ಅದು ತಮ್ಮ ದವಡೆಗೇ ಸಿಕ್ಕಿದ್ದು ಎಂದು ನಂಬಿದ ಮನುಷ್ಯ ಅವರು.

ಚೆಕ್‌ಬಾಕ್ಸ್ ಹಾಕಬಾರದಿತ್ತೇ ಎನ್ನುತ್ತೀರಿ. ಹಾಕಿದ್ದೆ. ಪರದೆ ತುಂಬಾ ಡಬ್ಬಿ, ನೋಡಲು ಚೆಂದ ಇಲ್ಲ ಎಂದು ಸೊಸೈಟಿಯ ಮೇಲಿನವರು ತೆಗೆಸಿದರು.

ಪೂರಾ ತಪ್ಪು ಮಾವನದ್ದೇ ಅಂದರೆ ನನಗೇ ಪಾಪ ತಟ್ಟೀತು. ಅವರು ಕಷ್ಟಪಟ್ಟು ಮೂರು ಬೆಳೆ ಆರಿಸಿ ಸೇವ್ ಒತ್ತಿದರು ಅನ್ನಿ. ಬ್ರೌಸರ್ ಕಳಿಸುವುದು ಬರೀ 1, 2, 5 ಎಂಬ ಅಕ್ಷರಗಳನ್ನು. ಅತ್ತ ಜಾವಾ ಕಾಯುತ್ತಿರುವುದು 'ಬೆಳೆ' ಎಂಬ ಆಬ್ಜೆಕ್ಟಿಗೆ. 5 ಅಂದರೆ ಜಾಯಿಕಾಯಿ ಎಂದು ನಡುವೆ ನಿಂತು ಹೇಳಲು ಒಂದು ಕನ್ವರ್ಟರ್ ಬರೆಯಬೇಕು. ಬರೆಯದಿದ್ದರೆ ಜಾವಾದ ವೆಬ್ ಚೌಕಟ್ಟಾದ ಸ್ಪ್ರಿಂಗ್ 'ಟೈಪ್ ಮಿಸ್‌ಮ್ಯಾಚ್' ಎಂದು ಮುಖ ತಿರುಗಿಸುತ್ತದೆ. ಅದನ್ನು ಬರೆದೆ. ಅರ್ಜಿಯನ್ನು ತಿದ್ದಲು ತೆರೆದರೆ ಒಂದೂ ಬೆಳೆ ಆರಿಸಿದಂತೆ ಕಾಣುತ್ತಿಲ್ಲ. ಈಕ್ವಲ್ಸ್ ಬರೆಯದೇ ಬಿಟ್ಟಿದ್ದೆ. ಅದಿಲ್ಲದಿದ್ದರೆ ಜಾವಾಕ್ಕೆ ಪಟ್ಟಿಯಲ್ಲಿರುವ ಬಾಳೆಯೇ ಬೇರೆ, ಡೇಟಾಬೇಸ್‌ನಿಂದ ಬಂದ ಬಾಳೆಯೇ ಬೇರೆ. ಅದೂ ಆಯಿತು. ಆಮೇಲೊಬ್ಬರು ಮೂರು ತೋಟದಲ್ಲಿ ನಡುವಿನದನ್ನು ಅಳಿಸಿದರು. ಇಲ್ಲಿ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಫಾರಂನಿಂದ 0 ಮತ್ತು 2 ನಂಬರಿನ ತೋಟ ಬಂದವು. 1 ಎಲ್ಲಿ ಎಂದು ಸ್ಪ್ರಿಂಗ್ ಕೇಳಲೇ ಇಲ್ಲ, ತಾನೇ ಒಂದು ಖಾಲಿ ತೋಟ ಹುಟ್ಟಿಸಿ ಮಧ್ಯೆ ಕೂರಿಸಿತು! ಸರ್ವೆ ನಂಬರಿಲ್ಲ, ಗುಂಟೆಯಿಲ್ಲ, ಅಣ್ಣತಮ್ಮಂದಿರ ಕೇಸೂ ಇಲ್ಲದ ತೋಟ. ಬಿಟ್ಟರೆ ಹೀಗೆ 256ರವರೆಗೆ ಪಟ್ಟಿ ಬೆಳೆಸುತ್ತದೆ ಅದು. ಶಿರಸಿ ಸೀಮೆಯಲ್ಲಿ ತೋಟ ಮಾಡುವುದು ಇಷ್ಟು ಸುಲಭವೆಂದು ನಮ್ಮಜ್ಜನಿಗೆ ಯಾರೂ ಹೇಳಿರಲಿಲ್ಲ.

ಆದರೆ ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಮಾವನ ವೆನಿಲ್ಲಾ.

ನಿನ್ನೆ ಫೋನ್ ಬಂತು. ಬಾಯಿ ಖಾಲಿ ಇತ್ತು, ಅಂದರೆ ವಿಷಯ ಗಂಭೀರ. "ತಮಾ, ಬಾವಿ ಹಿಂದಿನ ಹದಿನೈದು ಗುಂಟೆದು ವೆನಿಲ್ಲಾ ತೆಗದ್ರೂ ಹೋಗ್ತೇ ಇಲ್ಲೆ." ಹಳೆಯ ರಿಜಿಸ್ಟರ್ ನೋಡಿ ನಾನೇ ತುಂಬಿದ್ದ ದಾಖಲೆ ಅದು. ಆ ತುಂಡಿನಲ್ಲಿ ಇದ್ದದ್ದು ವೆನಿಲ್ಲಾ ಒಂದೇ. ಅದನ್ನೂ ತೆಗೆದರೆ ಆರಿಸಿದ್ದು ಏನೂ ಇಲ್ಲ. ಏನೂ ಆರಿಸದಿದ್ದರೆ ಬ್ರೌಸರ್ "ಏನೂ ಇಲ್ಲ" ಎಂದು ಹೇಳುವುದಿಲ್ಲ. ಆ ಪಟ್ಟಿಯ ಸುದ್ದಿಯನ್ನೇ ಎತ್ತುವುದಿಲ್ಲ. ಸುದ್ದಿ ಬರಲಿಲ್ಲವೆಂದು ಅತ್ತ ಸರ್ವರ್‌ನಲ್ಲಿ ಹಳೆಯದು ಹಾಗೇ ಉಳಿಯುತ್ತದೆ.

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕೂತವರಿಗೆ ಇದು ಬೇಗ ಅರ್ಥವಾದೀತು. ಸುಮ್ಮನೆ ಕೂತವನ ಎಲೆಗೆ ಬೀಳುತ್ತಲೇ ಇರುತ್ತದೆ. ಸಾಕಾದರೆ ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬಗ್ಗಬೇಕು. ಸರ್ವರ್ ಅಂದರೆ ಬಡಿಸುವವನೇ ಅಲ್ವಾ? ಅದಕ್ಕೂ ಕೈ ಅಡ್ಡ ಹಿಡಿದು ತೋರಿಸಬೇಕು. ಸ್ಪ್ರಿಂಗಿನ ಸ್ವಂತ ಸೆಲೆಕ್ಟ್ ಟ್ಯಾಗ್ ಬಳಸಿದರೆ ಈ ಕೆಲಸ ಅದೇ ಮಾಡುತ್ತದೆ. ಪಟ್ಟಿಯ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ, ಕಣ್ಣಿಗೆ ಕಾಣದ ಇನ್ನೊಂದು ಇನ್‌ಪುಟ್ ಜೊತೆಗಿಡುತ್ತದೆ. 'ಪಟ್ಟಿ ಇಲ್ಲಿತ್ತು, ಏನೂ ಆರಿಸಿಲ್ಲವಾದರೆ ಖಾಲಿ ಮಾಡು' ಎಂದು ಅದರ ಅರ್ಥ. ನಾನು ಜಾಣ, ಚೆಂದ ಕಾಣಲಿ ಎಂದು ಸೆಲೆಕ್ಟ್ ಅನ್ನು ಕೈಯಾರೆ ಬರೆದಿದ್ದೆ. ಆ ಒಂದು ಸಾಲು ಇರಲಿಲ್ಲ.

ರಾತ್ರಿ ಕರೆಂಟ್ ಎರಡು ಸಲ ಹೋಗಿ ಬಂದ ಮೇಲೆ ಆ ಸಾಲು ಸೇರಿಸಿದೆ. ಅಷ್ಟೇ ಕೆಲಸ. ಆದರೂ ಸುಮಾರು ಹೊತ್ತು ಆ ಹದಿನೈದು ಗುಂಟೆಯ ದಾಖಲೆಯನ್ನೇ ನೋಡುತ್ತಾ ಕೂತಿದ್ದೆ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ನೆಲಕಚ್ಚಿತ್ತು. ಇಲ್ಲಿ ಹಸಿ ಬೀನ್ಸಿಗೆ ಕೆಜಿಗೆ ಸಾವಿರಗಟ್ಟಲೆ ದರ ಬಂತು. ರಜೆಯಲ್ಲಿ ಮಾವನ ಮನೆಗೆ ಹೋದರೆ ಬೆಳಿಗ್ಗೆ ದೋಸೆಗೂ ಮೊದಲು ನಮ್ಮ ಕೈಗೊಂದು ಕಡ್ಡಿ. ಹೂವು ಒಂದೇ ದಿನ ಅರಳುವುದು, ಮಧ್ಯಾಹ್ನದೊಳಗೆ ಕೈಯಲ್ಲೇ ಪರಾಗ ಮುಟ್ಟಿಸಬೇಕು. ದೊಡ್ಡವರ ಬೆರಳು ದಪ್ಪ ಎಂದು ಮಕ್ಕಳ ಪಡೆ. ರಾತ್ರಿ ಕಳ್ಳರ ಕಾಟಕ್ಕೆ ಮಾವ ಬ್ಯಾಟರಿ ಹಿಡಿದು ಬಳ್ಳಿ ಕಾಯುತ್ತಿದ್ದರು. ಬೈಕು ತಗೊಳ್ಳುವ ಮಾತಿತ್ತು. ದರ ಬಿತ್ತು. ಬೈಕು ಬರಲಿಲ್ಲ. ಈಗ ಅಲ್ಲಿ ಬರೀ ಗೊಬ್ಬರದ ಗಿಡಗಳು.

ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಮಾವ ತೆಗೆದರು, ಸೇವ್ ಮಾಡಿದರು, ಮತ್ತೆ ತೆರೆದು ನೋಡಿದರು.

"ಹೋತು ತಮಾ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆದ್ರೆ ದೊಡ್ಡ ತೋಟದಲ್ಲಿ, ಬಾವಿಕಟ್ಟೆ ಹತ್ರ ಒಂದು ಬಳ್ಳಿ ಇನ್ನೂ ಇದ್ದು. ಹೂ ಬಿಡ್ತು. ಅಲ್ಲಿ ಹಾಕಲಕ್ಕಾ?"

ಹಾಕಿ ಮಾವಾ, ಅದಕ್ಕೇನು ಎಂದೆ. ನನ್ನ ಗಂಟಲೂ ಸ್ವಲ್ಪ ಕಟ್ಟಿತ್ತು, ಹಾಗಾಗಿ ಹೇಳಬೇಕಾದ ಮುಖ್ಯ ಮಾತು ಹೇಳಲಿಲ್ಲ. ಆ ಕಡೆ ಕವಳದ ಸಂಚಿ ಬಿಚ್ಚಿದ ಸದ್ದು. ಸುಣ್ಣದ ಡಬ್ಬಿಯ ಮುಚ್ಚಳ. ಒಂದು ಕ್ಲಿಕ್. "ಉಂ." ಇನ್ನೊಂದು ಕ್ಲಿಕ್, ಅದು ಸೇವ್.

"ಉಂಊಂ!"

ಅಡಿಕೆ, ಮೆಣಸು, ಬಾಳೆ, ಏಲಕ್ಕಿ, ಜಾಯಿಕಾಯಿ ಎಲ್ಲ ಹೋಗಿ, ಮಾವನ ದೊಡ್ಡ ತೋಟದ ತುಂಬ ಈಗ ವೆನಿಲ್ಲಾ ಒಂದೇ. ಕುರ್ಚಿ ಸರಿಯಿತು.