ಉಗುರು ಹಾಕಿ ಕೆರೆದು ನೋಡ್ತಾರಲ್ಲ, ಇವರಿಗೆ ಏನನ್ನಬೇಕು?

ಸ್ಟಿಕ್ಕರ್ ಅಂತೆ. ನನ್ನ ಹಳೇ ಜಾವಾ ಬೈಕಿನ ಟ್ಯಾಂಕ್ ಮೇಲಿರೋ ಗೆರೆ ಸ್ಟಿಕ್ಕರ್ ಅಂತೆ!

ಭಾನುವಾರದಿಂದ ತಲೆಯಲ್ಲಿ ಇದೇ ಓಡ್ತಾ ಇದೆ. ಆಫೀಸಲ್ಲಿ ಕೂತರೂ ಅದೇ, ಊಟಕ್ಕೆ ಕೂತರೂ ಅದೇ. ನಮ್ಮನೆಯವಳು "ಹೋಗ್ಲಿ ಬಿಡಿ, ದೊಡ್ಡವರು ಏನೋ ಅಂದ್ರು" ಅಂತಾಳೆ. ಬಿಡೋದು ಹೇಗೆ? ಅಂದಿದ್ರೆ ಬಿಡಬಹುದಿತ್ತು. ಅವರು ಅಂದು ಸುಮ್ಮನಾಗಲಿಲ್ಲ. ಹೆಬ್ಬೆರಳಿನ ಉಗುರು ಹಾಕಿ ಕೆರೆದು ನೋಡಿದರು. ಪರೀಕ್ಷೆಯಂತೆ.

ಲಲಿತಮಹಲ್ ಕಡೆ ರಸ್ತೆ ಬದಿ ಮರದ ಕೆಳಗೆ ಒಂದಷ್ಟು ಹಳೇ ಗಾಡಿಗಳು ನಿಂತಿದ್ದವು. ಜಾವಾ, ಯೆಜ್ಡಿ, ಎರಡು ಬುಲೆಟ್ಟು, ಒಂದು ರಾಜದೂತ್. ನಾನೂ ಒಯ್ದು ನಿಲ್ಲಿಸಿದೆ. 1969ರ ಜಾವಾ 250. ಪಾಂಡವಪುರದ ಕಡೆ ಒಂದು ಆಲೆಮನೆಯ ಹಿಂದೆ ಕೋಳಿ ಕೂರ್ತಿದ್ದ ಗಾಡಿ ಅದು. ಹಿಂದಿನ ಚಕ್ರದಲ್ಲಿ ಕಡ್ಡಿಗಳೇ ಇರಲಿಲ್ಲ. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ತುಕ್ಕಿನ ಚಕ್ಕೆ ಗಲಗಲ ಅನ್ನೋದು. ನಮ್ಮ ಮನೆ ಹಿಂದೆ, ಒಗೆಯೋ ಕಲ್ಲಿನ ಪಕ್ಕದ ಶೀಟಿನ ಶೆಡ್ಡಲ್ಲಿ, ಅದನ್ನು ಈ ಸ್ಥಿತಿಗೆ ತರೋಕೆ ನಾನು ಪಟ್ಟ ಪಾಡು ನನಗೆ ಗೊತ್ತು, ಅಮ್ಮನ ಹುಣಸೆಹಣ್ಣಿನ ಡಬ್ಬಕ್ಕೆ ಗೊತ್ತು. ಟ್ಯಾಂಕಿನ ತುಕ್ಕು ಬಿಡಿಸೋಕೆ ಪೂರ್ತಿ ಡಬ್ಬ ಖಾಲಿ ಮಾಡಿದ್ದೆ. ವಾರವೆಲ್ಲ ಮನೆಯಲ್ಲಿ ಟೊಮೇಟೊ ಸಾರು.

ಆಯ್ತಲ್ಲ. ಅವರು ಬಂದರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಷರಟು, ಜೇಬಲ್ಲಿ ಒಂದು ಹಳದಿ ಬಟ್ಟೆ. ಎಲ್ಲರೂ ದಾರಿ ಬಿಟ್ಟರು. ಗಾಡಿಯ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ನಾನು ಹೊಗಳಿಕೆ ಬರುತ್ತೆ ಅಂತ ಮುಖ ಸಿದ್ಧ ಮಾಡ್ಕೊಂಡು ನಿಂತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

"ಇದರಲ್ಲಿ ಜಾವಾ ಎಲ್ಲಿದೆ ಮರಿ?"

ಮರಿ! ನನ್ನ ಮಗಳು ಪಿಯುಸಿ ಓದ್ತಾ ಇದ್ದಾಳೆ.

ಆಮೇಲೆ ಶುರುವಾಯ್ತು. ಬಣ್ಣ ಮೆರೂನ್ ಇರಬೇಕಿತ್ತು, ಕಡುಹಸಿರು ಯಾಕೆ? ಸೀಟು ಉದ್ದದ್ದು ಇರಬೇಕಿತ್ತು, ಒಂಟಿ ಸೀಟು ಯಾಕೆ? ಎಂಜಿನ್ ಕವರಿಗೆ ಗೀಟಿನ ಸ್ಕ್ರೂ ಇರಬೇಕಿತ್ತು, ಅಲನ್ ಬೋಲ್ಟ್ ಯಾಕೆ? ಹೆಡ್‌ಲೈಟ್ ಹಾಕಿಸಿ ನೋಡಿ, "ಓಹೋ, 12 ವೋಲ್ಟು" ಅಂದರು. ಮೂಲದಲ್ಲಿ ಇದ್ದದ್ದು 6 ವೋಲ್ಟು. ಆ "ಓಹೋ" ಹೇಗಿತ್ತು ಅಂದ್ರೆ ನಾನೇನೋ ದೇವಸ್ಥಾನದ ಹುಂಡಿಗೆ ಕೈ ಹಾಕಿ ಸಿಕ್ಕಿಬಿದ್ದಿದ್ದೀನಿ ಅನ್ನೋ ಹಾಗೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರನ್ನು ಕರೆದರು. "ಬನ್ರೋ ಇಲ್ಲಿ. ಗಾಡಿ ಹೇಗೆ ಮಾಡಬಾರದು ಅಂತ ನೋಡ್ಕೊಳ್ಳಿ."

ಹುಡುಗರು ಬಂದರು. ಮೊಬೈಲ್ ಹಿಡ್ಕೊಂಡೇ ಬಂದರು. ನನ್ನ ಭಾವಮೈದುನನೂ ಅಲ್ಲೇ ಇದ್ದ. ಅವನಂತೂ ಬಾಯಿ ಮುಚ್ಚಿಕೊಂಡು ನಗ್ತಾ ಇದ್ದ.

"ಸ್ಟಾರ್ಟ್ ಮಾಡು" ಅಂದರು. ಸರಿ, ಇಲ್ಲಾದ್ರೂ ಮಾನ ಉಳೀತು ಅಂದ್ಕೊಂಡೆ. ಪೆಟ್ರೋಲ್ ತೊಟ್ಟಿಕ್ಕೋವರೆಗೆ ಕಾರ್ಬುರೇಟರಿನ ಮೇಲಿರೋ ಟಿಕ್ಲರ್ ಗುಂಡಿ ಒತ್ತಿದೆ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಂಡೆ. ಒಂದೇ ಒದೆತ. ಎರಡೂ ಸೈಲೆನ್ಸರಿಂದ ಹೊಗೆ ಬಂತು, ಗಾಡಿ ಸ್ಟಾರ್ಟ್ ಆಯ್ತು. ಒಂದೇ ಕಿಕ್ಕು! ಅವರ ಕಡೆ ತಿರುಗಿ ನೋಡಿದೆ.

"ಕಿಡಿ ಕೊಡೋಕೆ ಹಳೇ ಪಾಯಿಂಟ್ ಇರೋ ಗಾಡಿ ಹೀಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಲ್ಲ ಮರಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೀಯ. ಸತ್ತುಹೋಯ್ತು ಗಾಡಿ."

ಓಡ್ತಾ ಇರೋ ಗಾಡಿ ಪಕ್ಕ ನಿಂತು ಸತ್ತುಹೋಯ್ತು ಅಂತಾರೆ. ಯಾರಾದ್ರೂ ಹೇಳಿ, ಇದಕ್ಕೆ ಏನು ಉತ್ತರ ಕೊಡೋದು? ಸ್ಟಾರ್ಟ್ ಆಗದಿದ್ರೂ ಬೈಗುಳ, ಆದ್ರೂ ಬೈಗುಳ.

ಕೊನೆಗೆ ಕೈ ಟ್ಯಾಂಕಿಗೆ ಬಂತು. ಕ್ರೋಮ್ ಮತ್ತೆ ಬಣ್ಣ ಸೇರೋ ಕಡೆ ಬಂಗಾರದ ಗೆರೆ ಇದೆಯಲ್ಲ, ಅದರ ಮೇಲೆ. "ಸ್ಟಿಕ್ಕರ್ ಚೆನ್ನಾಗಿ ಅಂಟಿಸಿದಾರೆ" ಅಂದರು. "ಇಲ್ಲ ಸಾರ್, ಕೈಯಲ್ಲಿ ಬರೆಸಿದ್ದು" ಅಂದೆ. ನಂಬಲಿಲ್ಲ. ಉಗುರು ಹಾಕಿದರು. ಕರ್ ಅಂತು.

ಆ ಗೆರೆಯ ಕಥೆ ಇವರಿಗೇನು ಗೊತ್ತು? ಫ್ಲೆಕ್ಸ್ ಬರೋ ಮುಂಚೆ ಅಂಗಡಿ ಬೋರ್ಡು ಬರೀತಿದ್ದ ಒಬ್ಬ ಯಜಮಾನರು. ಈಗ ಅವರಿಗೆ ಕೆಲಸ ಕಡಿಮೆ, ಕಣ್ಣೂ ಮಂಜು. ನಮ್ಮ ಶೆಡ್ಡಿಗೆ ಬಂದು ಮೊದಲು ಫ್ಯಾನ್ ಆರಿಸಿ ಅಂದರು. ಆಮೇಲೆ ಮಾತಾಡಬೇಡಿ ಅಂದರು. ಕಿರುಬೆರಳನ್ನು ಟ್ಯಾಂಕಿಗೆ ಊರಿ, ಉದ್ದ ಕೂದಲಿನ ತೆಳು ಬ್ರಷ್ ಹಿಡಿದು, ಉಸಿರು ಕಟ್ಟಿ, ಮಂಡಿ ಒರಗೋ ರಬ್ಬರ್ ಸುತ್ತ ಒಂದೇ ಎಳೆತದಲ್ಲಿ ತಿರುವು ತಂದರು. ಆ ತಿರುವಲ್ಲಿ ಗೆರೆ ಕೂದಲೆಳೆಯಷ್ಟು ಸಣ್ಣ ಆಗುತ್ತೆ, ಮತ್ತೆ ದಪ್ಪ ಆಗುತ್ತೆ. ಸ್ಟಿಕ್ಕರಲ್ಲಿ ಬರುತ್ತಾ ಅದು? ಬಣ್ಣ ಪೂರ್ತಿ ಗಟ್ಟಿಯಾಗೋಕೆ ಸಮಯ ಬೇಕು, ಮುಟ್ಟಬೇಡಿ ಅಂತ ಹೇಳಿ ಹೋಗಿದ್ದರು. ನಾನು ಒರೆಸೋಕೂ ಹೆದರ್ತಿದ್ದೆ. ಈಗ ಸರಿಯಾಗಿ ಆ ತಿರುವಿನ ಮೇಲೇ ಅಕ್ಕಿಕಾಳಿನಷ್ಟು ಗೆರೆ ಕಿತ್ತು ಹಸಿರು ಕಾಣ್ತಾ ಇದೆ.

ಅದಕ್ಕೆ ನಾನು ಏನಂದೆ ಗೊತ್ತಾ?

"ಥ್ಯಾಂಕ್ಸ್ ಸಾರ್."

ಯಾಕೆ ಥ್ಯಾಂಕ್ಸ್? ಯಾತಕ್ಕೆ? ಕೆರೆದಿದ್ದಕ್ಕಾ? ಬಾಯಿಗೆ ಅದೇ ಬಂತು. ಅವರು ಭುಜ ತಟ್ಟಿ ಮುಂದಿನ ಗಾಡಿಗೆ ಹೋದರು. ಉತ್ತರಗಳೆಲ್ಲ ಹೊಳೆದದ್ದು ಸಂಜೆ ಸ್ನಾನದ ಮನೆಯಲ್ಲಿ. ಅಲ್ಲಿ ನಾನು ಭಾರೀ ಶೂರ. ಬಕೆಟ್ ಮುಂದೆ ನಿಂತು ಅರ್ಧ ಗಂಟೆ ಭಾಷಣ ಮಾಡಿದೆ. ಹೊರಗಿಂದ ಅಮ್ಮ "ಯಾರ ಹತ್ರ ಮಾತಾಡ್ತಿದೀಯೋ?" ಅಂದರು.

ಆ ಭಾಷಣ ಇಲ್ಲಿ ಹಾಕ್ತೀನಿ, ವ್ಯರ್ಥ ಆಗೋದು ಬೇಡ.

ಒರಿಜಿನಲ್ ಒರಿಜಿನಲ್ ಅಂತೀರಲ್ಲ ಸಾರ್, ಯಾವುದು ಒರಿಜಿನಲ್? 1929ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಜನೆಚೆಕ್ ಮಾಡಿದ ಮೊದಲ ಜಾವಾನೇ ಜರ್ಮನಿಯ ವಾಂಡರರ್ ಕಂಪನಿಯಿಂದ ಕೊಂಡ ಡಿಸೈನು. ಆಮೇಲೆ ಆ ಕಂಪನಿಯ ಗಾಡಿಯನ್ನು ಲೈಸೆನ್ಸ್ ತಗೊಂಡು ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾದವರು ಮಾಡಿದರು. 1973ರಲ್ಲಿ ಹೆಸರೇ ಬದಲಾಗಿ ಯೆಜ್ಡಿ ಆಯ್ತು. ಫ್ಯಾಕ್ಟರಿಯವರೇ ಹೆಸರು ಬದಲಾಯಿಸಬಹುದು, ನಾನು ಬಲ್ಬು ಬದಲಾಯಿಸಬಾರದಾ? 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕ್ತು. ಅವತ್ತಿಂದ ಗೀಟಿನ ಸ್ಕ್ರೂ ಯಾರು ಮಾಡಿ ಕೊಡ್ತಾರೆ? ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದರೆ ತಲೆ ಸವೆದಿರುತ್ತೆ. ಸ್ಕ್ರೂಡ್ರೈವರ್ ಜಾರಿ ಅಂಗೈಗೆ ಚುಚ್ಚಿದ್ದು ನನಗೆ, ಅವರಿಗಲ್ಲ.

ಇನ್ನು 12 ವೋಲ್ಟು. ಒಂದು ಸಲ ಸಂಜೆ ಮಂಡ್ಯದಿಂದ ಮೈಸೂರಿಗೆ ಬನ್ನಿ ಸಾರ್, ಆ 6 ವೋಲ್ಟ್ ದೀಪದಲ್ಲಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಒಳಗೆ ಬೈಕ್ ಬಿಡಲ್ಲ. ಸರ್ವಿಸ್ ರೋಡೇ ಗತಿ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದಕ್ಕೆ ಹಿಂದೆ ದೀಪ ಇಲ್ಲ. ನಮ್ಮ ಹೆಡ್‌ಲೈಟ್ ಬೀಡಿ ತುದಿಯ ಹಾಗೆ ಮಿಣಮಿಣ ಅನ್ನುತ್ತೆ. ಆಕ್ಸಿಲರೇಟರ್ ಬಿಟ್ಟರೆ ಅದೂ ಇಲ್ಲ. ನನಗೆ ಮನೆ ಸೇರಬೇಕು, ಪದಕ ಬೇಡ.

ಅಲ್ಲೇ ಇದ್ದ ಒಬ್ಬ ಹುಡುಗ ಕೇಳಿದ, "ಅಣ್ಣ, ಹಾಗಾದ್ರೆ ಇದಕ್ಕೆ ವಿಂಟೇಜ್ ನಂಬರ್ ಸಿಗಲ್ವಾ?" ಯಾರಿಗೆ ಬೇಕಿತ್ತಪ್ಪ ಅದು? 2021ರ ನಿಯಮ ಓದಿದೀನಿ. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ರಿಜಿಸ್ಟರ್ ಮಾಡಿಸೋಕೆ 20,000 ರೂಪಾಯಿ. ಅಷ್ಟೆಲ್ಲ ಮಾಡಿದ ಮೇಲೆ ದಿನಾ ರಸ್ತೆಗೆ ತರೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂತ ಇದ್ದಾಗ ಮಾತ್ರ. ನಾನು ಈ ಗಾಡಿಯಲ್ಲಿ ದೇವರಾಜ ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ಸೊಪ್ಪು ತರ್ತೀನಿ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್ ಅಳೆದು ಹಾಕಿ, ಬಂಕ್ ಹುಡುಗನ ಕೈಲಿ ಬೈಸ್ಕೊಂಡು, ಓಡಿಸ್ತೀನಿ. ಗಾಡಿ ಇರೋದು ಓಡ್ಸೋಕೆ ಅಲ್ವಾ?

ಹೋಗ್ಲಿ. ಅವರೂ ಸುಮ್ನೆ ದೊಡ್ಡವರಾಗಿಲ್ಲ. ಫ್ಯಾಕ್ಟರಿ ನಡೀತಿದ್ದ ಕಾಲದಿಂದ ಗಾಡಿ ಇಟ್ಕೊಂಡಿರೋರು. ಅವರ ಜಾವಾ ನೋಡಿದೆ, ನಿಜಕ್ಕೂ ಚೆಂದ ಇದೆ, ಒಂದು ವಾಷರ್ ಕೂಡ ಆಚೀಚೆ ಇಲ್ಲ. ಅವರಿಗೆ ಅದು ಪೂಜೆ. ಇರಲಿ. ಎಲ್ಲರಿಗೂ ಒಂದೊಂದು ಹುಚ್ಚು.

ಇಲ್ಲ ರೀ, ಆಗಲ್ಲ. ಪೂಜೆ ಮಾಡೋರು ಪಕ್ಕದ ಮನೆ ದೇವರ ಮೂಗು ಮುರೀತಾರಾ? ನಾನು ಹೋಗಿ ಅವರ ಗಾಡಿಗೆ ಉಗುರು ಹಾಕಿದ್ರೆ ಸುಮ್ನೆ ಇರ್ತಿದ್ರಾ? ಭಾವಮೈದುನ ಆ ವಿಡಿಯೋನ ಮನೆ ಗ್ರೂಪಿಗೆ ಹಾಕಿದಾನೆ. ಈಗ ನನ್ನ ಮಗಳೂ ಟೀ ಕೊಡುವಾಗ "ತಗೋ ಮರಿ" ಅಂತಾಳೆ.

ಇಷ್ಟಕ್ಕೇ ಮುಗೀತು ಅಂದ್ಕೊಂಡಿದ್ದೆ. ಇವತ್ತು ಮಧ್ಯಾಹ್ನ ಅಲ್ಲಿಗೆ ಬಂದಿದ್ದ ಒಬ್ಬರು ಫೋನ್ ಮಾಡಿದರು. ಕ್ಷಮೆ ಏನಾದ್ರೂ ಕೇಳಿಸ್ತಾರೇನೋ ಅಂತ ಎದ್ದು ನಿಂತೇ ಮಾತಾಡಿದೆ. ವಿಷಯ ಏನು ಅಂದ್ರೆ, ಸಾಹೇಬರು ಇನ್ನೊಂದು ಯೆಜ್ಡಿ ಮಾಡಿಸ್ತಾ ಇದ್ದಾರಂತೆ. ಟ್ಯಾಂಕಿಗೆ ಲೈನಿಂಗ್ ಬರೆಯೋರು ಎಲ್ಲೂ ಸಿಗ್ತಾ ಇಲ್ವಂತೆ. "ನಿಮಗೆ ಬರೆದುಕೊಟ್ಟವರ ನಂಬರ್ ಬೇಕಂತೆ. ಕೈಯಲ್ಲೇ ಬರೆದದ್ದು ಅಂತ ಅವರಿಗೆ ಆಮೇಲೆ ಗೊತ್ತಾಯ್ತಂತೆ."

ಗೊತ್ತಾಗದೆ ಏನು? ಉಗುರಲ್ಲಿ ಬಣ್ಣ ಬಂದಿರುತ್ತಲ್ಲ!

ಕೊಡಲಾ, ಬೇಡವಾ? ಗಾಡಿ ಇಟ್ಕೊಂಡಿರೋರು ಯಾರಾದ್ರೂ ಹೇಳಿ. ಭಾವಮೈದುನ "ಕೊಡಬೇಡಿ ಭಾವ" ಅಂತಾನೆ, ಅವನ ಮಾತು ಕೇಳೋ ಹಾಗಿಲ್ಲ. ಕೊಡದಿದ್ರೆ ಯಜಮಾನರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ. ಅವರಿಗೆ ಕೆಲಸ ಬೇಕು. ಕೊಟ್ರೆ ನನ್ನ ಹೊಟ್ಟೆ ಉರಿಯುತ್ತೆ.

ಕೊಡ್ತೀನಿ ಬಿಡಿ, ಇನ್ನೇನು ಮಾಡೋದು. ಆದ್ರೆ ಅದಕ್ಕೆ ಮುಂಚೆ ಯಜಮಾನರಿಗೆ ಫೋನ್ ಮಾಡಿ ಎರಡು ಮಾತು ಹೇಳ್ತೀನಿ. ಮೊದಲು ಬಂದು ನನ್ನ ಗೆರೆ ಸರಿ ಮಾಡಿ. ಆಮೇಲೆ ಅಲ್ಲಿಗೆ ಹೋಗಿ ಡಬಲ್ ರೇಟ್ ಹೇಳಿ.