ಯಾವುದಕ್ಕೂ ಇರಲಿ ಅಂತ ಕಳಿಸಿದೆ

"ನಿಜಾನೋ ಸುಳ್ಳೋ ಗೊತ್ತಿಲ್ಲ, ಯಾವುದಕ್ಕೂ ಇರಲಿ ಅಂತ ಕಳಿಸಿದೆ." ಈ ಮಾತು ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ.

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಮತ್ತೆ ಮಕ್ಕಳ ಕಳ್ಳರ ಮೆಸೇಜ್ ಬಂತು. ಊರಿನ ಹೆಸರಿಲ್ಲ, ತಾರೀಖಿಲ್ಲ. ಒಂದು ಮಸುಕು ವಿಡಿಯೊ, ಯಾರದೋ ಅಳು. ತುಮಕೂರಿನ ನಮ್ಮ ದೊಡ್ಡಮ್ಮ ಅದನ್ನು ನೋಡಿ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಕಳಿಸಲ್ಲ ಅಂತ ಹಟ ಹಿಡಿದು ಕೂತರು. ಕಳಿಸಿದವರಿಗೆ ಫೋನ್ ಮಾಡಿದೆ. ಅದೇ ಉತ್ತರ.

ಯಾವುದಕ್ಕೆ ಇರಬೇಕು ಸ್ವಾಮಿ?

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಇಂಥದ್ದೇ ಸುಳ್ಳು ಸುದ್ದಿ ನಂಬಿ ಜನ ಹೊಡೆದು ಸಾಯಿಸಿದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಅವರು ಮಾಡಿದ್ದು. ವಾಟ್ಸಾಪ್ ಸುದ್ದಿ ಅವರ ಕಾರಿಗಿಂತ ಜೋರಾಗಿ ಓಡಿತು. ಮುಂದೆ ರಸ್ತೆಗೆ ಅಡ್ಡ ಹಾಕಿ ಜನ ಕಾಯುತ್ತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇ ಹೋದ. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಲು ಹೊರಟಿತು. ಹಾಗೆ ಅಡ್ಡಗಟ್ಟಿದವರಿಗೆ ಮೆಸೇಜ್ ಕಳಿಸಿದವರೂ ಯಾವುದಕ್ಕೂ ಇರಲಿ ಅಂತಲೇ ಕಳಿಸಿರಬೇಕು, ಅಲ್ವಾ?

ಅದಕ್ಕೂ ಮುಂಚೆ 2012ರ ಆಗಸ್ಟ್. ಆಗ ಎಸ್ಎಂಎಸ್ ಕಾಲ. ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಹಲ್ಲೆ ಆಗುತ್ತದೆ ಅನ್ನೋ ಗಾಳಿಸುದ್ದಿಗೆ ಹೆದರಿ, ಬ್ಯಾಗು ಹಿಡಿದು ಬೆಂಗಳೂರಿನ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೆಲಸ, ಕಾಲೇಜು, ಬಾಡಿಗೆ ಮನೆ ಎಲ್ಲ ಬಿಟ್ಟು ಓಡಿದ ಆ ಮಕ್ಕಳ ಮುಖ ಟೀವಿಯಲ್ಲಿ ನೋಡಿದ್ದು ನನಗೆ ಇನ್ನೂ ಮರೆತಿಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಅಪ್ಪ ಬೈಪಾಸ್ ಮಾಡಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದರು. ಆಪರೇಷನ್ ಸಿಂಧೂರದ ದಿನಗಳು. ಕೆಲವು ಚಾನೆಲ್‌ಗಳು ಕರಾಚಿ ಬಂದರು ನಾಶವಾಯಿತು ಅಂತ ಕೂಗುತ್ತಿದ್ದವು. ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಹರಿದಾಡಿದವು. ಸಾಲದ್ದಕ್ಕೆ ಟೀವಿಯಲ್ಲಿ ಸೈರನ್ ಸದ್ದು. ಪ್ರತಿ ಸಲ ಅದು ಕೂಗಿದಾಗಲೂ ಅಪ್ಪ ಹೊಲಿಗೆ ಹಾಕಿದ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ಕೇಂದ್ರ ಗೃಹ ಇಲಾಖೆಯೇ ಸೈರನ್ ಸದ್ದು ಬಳಸಬೇಡಿ ಅಂತ ಚಾನೆಲ್‌ಗಳಿಗೆ ಹೇಳಬೇಕಾಯಿತು. ಅದೇ ಹೊತ್ತಿಗೆ ಎಟಿಎಂ ಎರಡು ಮೂರು ದಿನ ಮುಚ್ಚುತ್ತವೆ ಅನ್ನೋ ಮೆಸೇಜ್. ಕೇಂದ್ರ ಸರ್ಕಾರದ ಮಾಹಿತಿ ಸಂಸ್ಥೆ ಪಿಐಬಿ ಅದು ಸುಳ್ಳು ಅಂತ ಹೇಳಿತು. ನಮ್ಮ ಗ್ರೂಪಿನಲ್ಲಿ ಸುಳ್ಳನ್ನು ಹಂಚಿದ ಕೈಗಳು ಈ ಸ್ಪಷ್ಟನೆಯನ್ನು ಹಂಚಲೇ ಇಲ್ಲ. ನನಗೆ ತಡೆಯಲಾಗದ ನೋವು ಅದು.

ಆಮೇಲೆ ಮನೆಯಲ್ಲಿ ಸಂಜೆ ಟೀವಿ ನಿಲ್ಲಿಸಿದೆವು. ಬೆಳಿಗ್ಗೆ ಅಪ್ಪನಿಗೆ ಪೇಪರ್ ಓದಿ ಹೇಳುತ್ತಿದ್ದೆ. ರಾತ್ರಿ ಕೂಗಾಡಿದ್ದರಲ್ಲಿ ಎಷ್ಟೋ ಸುದ್ದಿ ಬೆಳಗಿನ ಪೇಪರಿಗೆ ಬಂದೇ ಇರುತ್ತಿರಲಿಲ್ಲ. ಇದು ದೇಶದ ಬಗ್ಗೆ ಅಸಡ್ಡೆ ಅಂತ ಒಬ್ಬರು ಅಂದರು. ಅಲ್ಲ. ನಾವು ಒಂದು ಮುಖ್ಯ ಸುದ್ದಿಯನ್ನೂ ತಪ್ಪಿಸಿಕೊಳ್ಳಲಿಲ್ಲ. ಅಪ್ಪ ರಾತ್ರಿ ನಿದ್ದೆ ಮಾಡಿದರು.

"ಒಂದು ವೇಳೆ ನಿಜವಾಗಿದ್ದರೆ?" ಅನ್ನುತ್ತೀರಿ. 2018ರ ಕೊಡಗಿನ ಮಳೆಯಲ್ಲಿ ಮೆಸೇಜುಗಳಿಂದ ಸಹಾಯ ಆಗಿದ್ದು ನಿಜ. ಉಪಯೋಗಕ್ಕೆ ಬಂದ ಆ ಮೆಸೇಜುಗಳಲ್ಲಿ ಊರಿತ್ತು, ಫೋನ್ ನಂಬರಿತ್ತು, ಏನು ಬೇಕು ಅಂತ ಇತ್ತು. ಓದಿದವರು ಎದ್ದು ಒಂದು ಕೆಲಸ ಮಾಡಬಹುದಿತ್ತು. ನಿನ್ನೆಯ ವಿಡಿಯೊ ನೋಡಿ ದೊಡ್ಡಮ್ಮ ಏನು ಮಾಡಬೇಕಿತ್ತು? ಮಕ್ಕಳ ವಿಷಯದಲ್ಲಿ ನಿಜಕ್ಕೂ ಅನುಮಾನ ಬಂದರೆ ತುರ್ತು ನಂಬರ್ 112 ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಅಲ್ಲಿಗೆ ಫೋನ್ ಮಾಡುವಷ್ಟು ನಂಬಿಕೆ ಇಲ್ಲದ ಸುದ್ದಿಯನ್ನು ಎಪ್ಪತ್ತು ದಾಟಿದವರ ಫೋನಿಗೆ ರಾತ್ರಿ ಹನ್ನೊಂದಕ್ಕೆ ಯಾಕೆ ಕಳಿಸಬೇಕು?

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ತುಂಬಾ ಕೈ ದಾಟಿ ಬಂದಿದೆ ಅಂತ ಅರ್ಥ. ದೊಡ್ಡಮ್ಮನಿಗೆ ಇವತ್ತು ಅದನ್ನು ತೋರಿಸಿಕೊಟ್ಟೆ. ಗ್ರೂಪನ್ನೂ ಮ್ಯೂಟ್ ಮಾಡಿದೆ, ಅವರನ್ನು ಕೇಳಿಯೇ.

ನಮ್ಮ ಮನೆಯವರು ಇದನ್ನು ಓದುತ್ತೀರಿ ಅಂತ ಗೊತ್ತು. ಬೇಜಾರಾದರೆ ಆಗಲಿ. ಇನ್ನು ಮೇಲೆ ರಾತ್ರಿ ದೊಡ್ಡಮ್ಮನಿಗೆ ಏನನ್ನೂ ಫಾರ್ವರ್ಡ್ ಮಾಡಬೇಡಿ. ನಿಜಕ್ಕೂ ಅರ್ಜೆಂಟ್ ಇದ್ದರೆ ನನಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಎತ್ತುತ್ತೇನೆ.